ಸೂಜಿಯಲ್ಲಿದ್ದ ದಾರ

ಚಳಿ ಶುರುವಾಗಿ ಹೊಸೂರಿನ ಸಂತೆಯಲ್ಲಿ ಅವರೆಕಾಯಿ ರಾಶಿ ಬಿತ್ತೆಂದರೆ ನಾನು ಆ ಬೀದಿ ಬಿಟ್ಟು ಸುತ್ತುಹಾಕಿಕೊಂಡು ಹೋಗುತ್ತೇನೆ. ಅವರೆಕಾಯಿ ಸೇರುವುದಿಲ್ಲವೆಂದಲ್ಲ. ಹಿತಕಿದ ಬೇಳೆ ಸಾರು ಅಂದರೆ ಈಗಲೂ ಎರಡು ಮುದ್ದೆ ಜಾಸ್ತಿಯೇ ಇಳಿಯುತ್ತದೆ. ಆದರೆ ಆ ಸೊಗಡು, ಇಬ್ಬನಿ ಬಿದ್ದ ಸಿಪ್ಪೆಯ ಮೇಲೆ ಎಣ್ಣೆಯ ಹಾಗೆ ಅಂಟಿಕೊಂಡಿರುವ, ಸೀಗೆಪುಡಿ ಹಾಕಿ ತಿಕ್ಕಿದರೂ ಕೈಬಿಟ್ಟು ಹೋಗದ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಾನು ಸಂತೆಯಲ್ಲಿ ಇರುವುದಿಲ್ಲ. ಬಾಗಲೂರಿನಿಂದಾಚೆಯ ನಮ್ಮ ಹಳೇ ಮನೆಯ ನಡುಮನೆಯಲ್ಲಿ ನಿಂತಿರುತ್ತೇನೆ. ಅಲ್ಲಿ ಅಜ್ಜಿ ಕಂಬಕ್ಕೆ ಒರಗಿಕೊಂಡು, ಕಾಲು ಚಾಚಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕಾಯಿ ಸುಲಿಯುತ್ತಿರುತ್ತಾಳೆ. ಮುಖ ನನ್ನ ಕಡೆಗೇ ಇರುತ್ತದೆ, ಕಣ್ಣು ಮಾತ್ರ ನನ್ನನ್ನು ದಾಟಿ ಹಿಂದಿನ ಗೋಡೆ ನೋಡುತ್ತಿರುತ್ತದೆ. "ಯಾಕಮ್ಮಿ ಇಂಗೆ ಸೊರಗೋಗಿದ್ದೀಯ?" ಅನ್ನುತ್ತಾಳೆ. ತರಕಾರಿಯವಳು ಎಷ್ಟು ಕೆಜಿ ಅಂತ ತಮಿಳಿನಲ್ಲಿ ಕೂಗಿದಾಗ ಬೆಚ್ಚಿಬಿದ್ದು ಈಚೆಗೆ ಬರುತ್ತೇನೆ.

ನಮ್ಮದು ಅಂಥ ದೊಡ್ಡ ಮನೆಯೇನಲ್ಲ. ಹೆಂಚಿನ ಮನೆ, ಮುಂದೆ ಜಗುಲಿ, ಹಿಂದೆ ಕೊಟ್ಟಿಗೆ, ಸಗಣಿ ಸಾರಿಸಿದ ತಣ್ಣನೆಯ ನೆಲ. ಅಪ್ಪ ಬೇಸಾಯ ಮಾಡುತ್ತಿದ್ದ. ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಹೊಸೂರಿನಲ್ಲಿ ಆಗಷ್ಟೇ ಏಳುತ್ತಿದ್ದ ಫ್ಯಾಕ್ಟರಿಗಳಲ್ಲೊಂದಕ್ಕೆ ಸೇರಿಕೊಂಡು ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ. ಅಮ್ಮ ಕೃಷ್ಣಗಿರಿ ಕಡೆಯ ತೆಲುಗಿನವರ ಮನೆಯ ಹುಡುಗಿ, ಮದುವೆಯಾಗಿ ಬಂದ ಮೇಲೆ ಅಜ್ಜಿಯ ಬಾಯಿಂದಲೇ ಕನ್ನಡ ಕಲಿತವಳು. ಹಾಗಾಗಿ ಮನೆಯೊಳಗೆ ಕನ್ನಡ, ಅಮ್ಮನಿಗೆ ಸಿಟ್ಟು ಬಂದರೆ ತೆಲುಗು, ಬಾಗಿಲಿಗೆ ಆಫೀಸಿನವರು ಯಾರಾದರೂ ಬಂದರೆ ತಮಿಳು. ಮೂರು ಭಾಷೆಯಲ್ಲೂ ಒಂದು ಮಾತನ್ನು ಮಾತ್ರ ನಮ್ಮ ಮನೆಯಲ್ಲಿ ಆಡುವ ಹಾಗಿರಲಿಲ್ಲ. 'ಇಲ್ಲ' ಅನ್ನುವ ಮಾತು. ಅಕ್ಕಿ ಮುಗಿದರೆ 'ಅಕ್ಕಿ ತುಂಬಿದೆ' ಅನ್ನಬೇಕು. ಬಳೆ ಒಡೆದರೆ 'ಹೆಚ್ಚಿತು' ಅನ್ನಬೇಕು. ದೀಪವನ್ನು ಆರಿಸುವಂತಿಲ್ಲ, 'ದೊಡ್ಡದು' ಮಾಡಬೇಕು. ಹೊರಟವರು ಬಾಯಿ ತಪ್ಪಿ 'ಹೋಗ್ತೀನಿ' ಅಂದರೆ ಅವರನ್ನು ವಾಪಸ್ಸು ಕೂರಿಸಿ, ನೀರು ಕುಡಿಸಿ, 'ಬತ್ತೀನಿ' ಅನ್ನಿಸಿಕೊಂಡೇ ಅಜ್ಜಿ ಕಳಿಸುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥವು ಇದ್ದೇ ಇರುತ್ತವೆ. ಇವನ್ನು ಸುಳ್ಳು ಅಂತ ಯಾರು ಕರೆಯುತ್ತಾರೆ? ಹೊರಗಿನವರಿಗೆ ಹೇಳಿದರೆ ಸುಳ್ಳು, ಮನೆಯವರಿಗೆ ಹೇಳಿದರೆ ಅದು ಮರ್ಯಾದೆ ಅಂದುಕೊಂಡೇ ನಾವೆಲ್ಲ ಬೆಳೆದೆವು.

ಅಜ್ಜಿಯ ಕಣ್ಣಿನ ವಿಷಯ ಮೊದಲು ಗೊತ್ತಾಗಿದ್ದು ಅಮ್ಮನಿಗೆ, ಅದೂ ಅವರೆಕಾಯಿಯಿಂದಲೇ. ಅಜ್ಜಿ ಸುಲಿದುಕೊಟ್ಟ ಕಾಳಿನಲ್ಲಿ ಹುಳ ಇರತೊಡಗಿದವು. ಅಜ್ಜಿಯ ಮೊರದಲ್ಲಿ ಹುಳ ಅಂದರೆ ನಂಬುವ ಮಾತಲ್ಲ. ಊರಿನ ಮದುವೆಗಳಿಗೆ ಕಾಳು ಆರಿಸಲು ಅವಳನ್ನೇ ಕರೆಯುತ್ತಿದ್ದರು. ಅಜ್ಜಿ ಎದ್ದು ಹಿತ್ತಲಿಗೆ ಹೋದ ಮೇಲೆ ಅಮ್ಮ ಕಾಳನ್ನು ಬಾಗಿಲ ಬೆಳಕಿಗೆ ತಂದು ಇನ್ನೊಂದು ಸಲ ಆರಿಸಿದಳು. ಮಾರನೇ ದಿನವೂ ಆರಿಸಿದಳು. ಆಮೇಲೆ ಅದೇ ರೂಢಿಯಾಯಿತು. ಉಪ್ಪಿನ ಮಡಕೆ ಒಲೆಯ ಎಡಕ್ಕೆ ಬಂತು, ಅಲ್ಲಿಂದ ಒಂದು ಅಂಗುಲ ಸರಿಯಲಿಲ್ಲ. ಮುದ್ದೆ ತಿರುವುವ ಕೋಲು ಗೂಟದಲ್ಲೇ, ಹಿಟ್ಟಿನ ಡಬ್ಬ ಗೋಡೆಯ ಮೂಲೆಯಲ್ಲೇ, ನೀರಿನ ಬಿಂದಿಗೆ ಹೊಸ್ತಿಲಿನ ಪಕ್ಕದಲ್ಲೇ. ನಾನು ಸ್ಕೂಲಿನ ಚೀಲವನ್ನು ನಡುಮನೆಯಲ್ಲಿ ಬಿಸಾಡಿದರೆ ಮೊದಲೆಲ್ಲ ಬೈಗುಳದಲ್ಲಿ ಮುಗಿಯುತ್ತಿತ್ತು, ಈಗ ತೆಲುಗಿನಲ್ಲಿ ಬೆನ್ನಿಗೆ ಬೀಳುತ್ತಿತ್ತು. ನನ್ನ ಕಾಲಿಗೆ ಗೆಜ್ಜೆ ಬಂದದ್ದೂ ಆ ವರ್ಷವೇ. ಕೇಳದೆಯೇ ಅಮ್ಮ ಕೊಡಿಸಿದ ಒಡವೆ ಅದೊಂದೇ ಅಂತ ನಾನು ಊರೆಲ್ಲ ಗಲ್ಲುಗಲ್ಲು ಅನ್ನಿಸಿಕೊಂಡು ಓಡಾಡಿದೆ. ಯಾರಿಗಾಗಿ ಕಟ್ಟಿದ್ದು ಅಂತ ನನಗೆ ತಿಳಿಯಲು ಒಂದು ಚಳಿಗಾಲ ಬೇಕಾಯಿತು.

ಯಾರೂ ಯಾರಿಗೂ ಹೇಳಿಕೊಡದೆ ಇಡೀ ಮನೆ ಒಂದು ಆಟ ಕಲಿತುಬಿಟ್ಟಿತು. ಅಪ್ಪ ಹೊಲದಿಂದ ಬರುವಾಗ ಕೊಟ್ಟಿಗೆಯಿಂದಲೇ ಎತ್ತನ್ನು ಬೈದುಕೊಂಡು ಬರುತ್ತಿದ್ದ. ಚಿಕ್ಕಪ್ಪ ಜಗುಲಿ ಹತ್ತುವಾಗ ಕೆಮ್ಮುತ್ತಿದ್ದ. ನೆಂಟರು ಬಂದರೆ ಅಮ್ಮ ಅಡುಗೆಮನೆಯಿಂದಲೇ, "ಓ ಗುಮ್ಮಳಾಪುರದ ದೊಡ್ಡಮ್ಮ ಬಂದ್ರು! ಬನ್ನಿ ಬನ್ನಿ," ಅಂತ ಊರಿಗೆ ಕೇಳುವ ಹಾಗೆ ಕೂಗುತ್ತಿದ್ದಳು. ಆಗ ಅಜ್ಜಿ ಕಂಬದ ಬುಡದಿಂದ, "ಏನವ್ವ ಇಂಗೆ ಸೊರಗೋಗಿದ್ದೀಯ!" ಅನ್ನುತ್ತಿದ್ದಳು. ಎಲ್ಲರಿಗೂ ಅದೇ ಮಾತು. ದೊಡ್ಡಮ್ಮನೋ ಬಾಗಿಲಲ್ಲಿ ಓರೆಯಾಗಿ ನುಗ್ಗುವಂಥ ಆಳು, ಆದರೂ ಸೆರಗಿನಿಂದ ಮುಖ ಒರೆಸಿಕೊಂಡು, "ಊಂ ಅಕ್ಕಾ, ಏನ್ ಮಾಡೋದು, ಊಟಾನೇ ಸೇರಾಕಿಲ್ಲ," ಅನ್ನುತ್ತಿದ್ದಳು. ಸೊರಗಿದ್ದೀಯ ಅಂದರೆ ಯಾರಿಗೂ ಬೇಸರವಾಗುವುದಿಲ್ಲ ಅನ್ನುವುದನ್ನು ಅಜ್ಜಿ ಚೆನ್ನಾಗಿ ಕಂಡುಕೊಂಡಿದ್ದಳು.

ಅಜ್ಜಿಗೆ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊದಿಕೆ ಹೊಲಿಯುವ ಹುಚ್ಚು. ಬೆರಳಿನ ಅಂದಾಜಿನಲ್ಲೇ ಹೊಲಿಗೆ ನೆಟ್ಟಗೆ ಹೋಗುತ್ತಿತ್ತು. ದಾರ ಮುಗಿದಾಗ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ, ಗೋಡೆಯ ಗೂಡಿನಲ್ಲಿಟ್ಟು, "ನೀರು ಕುಡ್ದು ಬತ್ತೀನಿ ಕಣವ್ವ," ಅಂತ ಏಳುತ್ತಿದ್ದಳು. ಬಾಯಾರಿಕೆ ಇಲ್ಲದ ನೀರು ಅದು. ಅವಳು ಅತ್ತ ಹೋಗಿದ್ದೇ ಅಮ್ಮ ಇತ್ತ ಬಂದು, ಸೂಜಿಗೆ ದಾರ ಪೋಣಿಸಿ, ಇದ್ದ ಹಾಗೇ ಗೂಡಿನಲ್ಲಿಟ್ಟು ಒಲೆಯ ಮುಂದೆ ಕೂರುತ್ತಿದ್ದಳು. ಅಜ್ಜಿ ನಿಧಾನಕ್ಕೆ ಬಂದು, ಗೂಡಿಗೆ ಕೈಹಾಕಿ, ದಾರವನ್ನು ಬೆರಳಲ್ಲಿ ಸವರಿ ನೋಡಿಕೊಂಡು ಹೊಲಿಯಲು ಶುರುಮಾಡುತ್ತಿದ್ದಳು. ಅತ್ತೆಸೊಸೆ ಈ ಬಗ್ಗೆ ಒಂದು ಮಾತೂ ಆಡಿದ್ದನ್ನು ನಾನು ಕೇಳಲಿಲ್ಲ. ಅವರಿಬ್ಬರ ನಡುವೆ ಅದಕ್ಕಿಂತ ದೊಡ್ಡ ಪ್ರೀತಿಯನ್ನೂ ನಾನು ನೋಡಲಿಲ್ಲ.

ಚಿಕ್ಕಪ್ಪನಿಗೆ ಫ್ಯಾಕ್ಟರಿಯಲ್ಲಿ ಬೂಟು ಕೊಟ್ಟ ದಿನದ ಕಥೆ ಹೇಳಬೇಕು. ಹೊಸ ಬೂಟಿನ ಖುಷಿಯಲ್ಲಿ ಅವನು ಕೆಮ್ಮುವುದನ್ನು ಮರೆತು, ಧಡಧಡ ಅಂತ ಜಗುಲಿ ಹತ್ತಿ ಬಂದ. ಅಜ್ಜಿ ತಟ್ಟನೆ ಸೆರಗು ಸರಿಮಾಡಿಕೊಂಡು, ಮರ್ಯಾದೆಯ ದನಿ ತೆಗೆದು, "ಯಾರಪ್ಪಾ? ಉಳ್ಳ ವಾಂಗೋ," ಅಂತ ತಮಿಳಿನಲ್ಲಿ ಒಳಗೆ ಕರೆದಳು. ಯಾರೋ ತಮಿಳಿನ ಆಫೀಸರು ಅಂದುಕೊಂಡಿದ್ದಳು, ಹೆತ್ತ ಮಗನನ್ನು. ಚಿಕ್ಕಪ್ಪನ ಮುಖ ಹೇಗಾಯಿತು ಅಂದರೆ ಇವತ್ತಿಗೂ ನನ್ನ ಕಣ್ಣಲ್ಲಿದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೈ ಬಾಯಿಗೆ ತಂದುಕೊಂಡು ನಿಂತಳು. ಅವನು ಗಂಟಲು ದಪ್ಪ ಮಾಡಿಕೊಂಡು, ತನ್ನ ಹೆಸರನ್ನೇ ಹೇಳಿ, ಅವರು ಮನೆಯಲ್ಲಿದ್ದಾರಾ ಅಂತ ತಮಿಳಿನಲ್ಲಿ ಕೇಳಿದ. ಕೆಲಸದಿಂದ ಇನ್ನೂ ಬರಲಿಲ್ಲ ಸಾರ್, ಕೂತುಕೊಳ್ಳಿ, ಮಜ್ಜಿಗೆ ಕುಡಿಯಿರಿ ಅಂದಳು ಅಜ್ಜಿ, ಅವಳೂ ತಮಿಳಿನಲ್ಲೇ. ಪರವಾಗಿಲ್ಲಮ್ಮಾ, ಆಮೇಲೆ ಬರುತ್ತೇನೆ ಅಂದ. ಮಗ ತಾಯಿಗೆ ಕೈಮುಗಿದು ಹೊರಗೆ ಹೋದ. ಮನೆಯೆದುರಿನ ಹುಣಸೆಮರದ ಕೆಳಗೆ ಕೂತು ಬೂಟು ಬಿಚ್ಚಿ, ಬರಿಗಾಲಲ್ಲಿ, ಕೆಮ್ಮಿಕೊಂಡು ವಾಪಸ್ಸು ಬಂದ. "ಅವ್ವಾ, ನಾನು." ಅಜ್ಜಿ ಅವನ ಕಡೆ ಮುಖ ತಿರುಗಿಸಿ, "ಈಗ್ತಾನೇ ಯಾರೋ ಆಫೀಸರು ನಿನ್ನ ಕೇಳ್ಕೊಂಡು ಬಂದಿದ್ರು ಕಣ್ಲಾ. ಒಳ್ಳೇ ಮನ್ಸ, ಮರ್ಯಾದಸ್ತ," ಅಂದಳು. ಆ ದಿನ ಚಿಕ್ಕಪ್ಪ ಊಟ ಮಾಡಲಿಲ್ಲ. ನನಗೆ ಮಾತ್ರ ನಗು ತಡೆಯಲಾಗಲಿಲ್ಲ, ಕೊಟ್ಟಿಗೆಗೆ ಓಡಿಹೋಗಿ ನಕ್ಕೆ. ನಕ್ಕು ಮುಗಿದ ಮೇಲೆ ಯಾಕೋ ಭಯವಾಯಿತು.

ಅಜ್ಜಿ ಯಾಕೆ ಬಾಯಿಬಿಡಲಿಲ್ಲ ಅನ್ನುವುದು ಅಮ್ಮನಿಗೆ ಗೊತ್ತಿತ್ತು. ಅಜ್ಜಿಯ ಅತ್ತೆಗೂ ಕಣ್ಣು ಹೋಗಿತ್ತಂತೆ. ಹೋಯಿತು ಅಂತ ತಿಳಿದ ದಿನವೇ ಅವಳ ಕೈಯಿಂದ ಮುದ್ದೆಯ ಕೋಲು ತೆಗೆದುಕೊಂಡು, ಕೊಟ್ಟಿಗೆಯ ಪಕ್ಕದ ಮೂಲೆಯಲ್ಲಿ ಚಾಪೆ ಹಾಸಿಕೊಟ್ಟರಂತೆ. ಹೊತ್ತಿಗೊಂದು ತಟ್ಟೆ ಮುಂದಕ್ಕೆ ತಳ್ಳುತ್ತಿದ್ದರಂತೆ. ತಳ್ಳುತ್ತಿದ್ದವಳು ಆಗ ಹೊಸ ಸೊಸೆಯಾಗಿದ್ದ ನಮ್ಮ ಅಜ್ಜಿಯೇ. ಒಂದು ಮಧ್ಯಾಹ್ನ ಅಮ್ಮನ ತಲೆ ಬಾಚುತ್ತ ಇದನ್ನೆಲ್ಲ ಹೇಳಿ, "ಆ ಮೂಲೆ ಕಂಡ್ರೆ ನಂಗೆ ಈಗ್ಲೂ ಅಂಜ್ಕೆ ಕಣವ್ವ," ಅಂದಿದ್ದಳು. ಅಮ್ಮ ತಲೆ ತಿರುಗಿಸದೆ, "ನಾನಿರೋಗಂಟ ನಿಮ್ಮನ್ನ ಯಾರೂ ಮೂಲೇಗೆ ಕೂರ್ಸಾಕಿಲ್ಲ ಅತ್ತಮ್ಮ," ಅಂದಳು. ನಾನು ಅಲ್ಲೇ ಕೂತು ಕವಡೆ ಆಡುತ್ತಿದ್ದೆ. ಅದೊಂದು ಭಾಷೆ ಕೊಟ್ಟ ಹಾಗೆ ಅಂತ ನನಗೆ ಆಗ ಅನ್ನಿಸಲಿಲ್ಲ.

ಕಣ್ಣಿನ ಕ್ಯಾಂಪಿನ ಜೀಪು ಬಂದದ್ದು ಅದರ ಮುಂದಿನ ಬೇಸಿಗೆಯಲ್ಲಿ. ತಲೆಯ ಮೇಲೆ ಮೈಕು ಕಟ್ಟಿಕೊಂಡು, 'ಪೆರಿಯೋರ್ಗಳೇ, ತಾಯ್ಮಾರ್ಗಳೇ' ಅಂತ ಹಿರಿಯರನ್ನೂ ತಾಯಂದಿರನ್ನೂ ತಮಿಳಿನಲ್ಲೂ ಆಮೇಲೆ ತೆಲುಗಿನಲ್ಲೂ ಕೂಗಿಕೊಂಡು ಊರು ಸುತ್ತಿತು. ಕಣ್ಣಿಗೆ ಪೊರೆ ಬಂದ ಮುದುಕರನ್ನೆಲ್ಲ ಕರೆದುಕೊಂಡು ಹೋಗಿ, ಕಾಸಿಲ್ಲದೆ ಆಪರೇಷನ್ ಮಾಡಿ, ಮತ್ತೆ ತಂದುಬಿಡುತ್ತಾರಂತೆ. ಆಚೆ ಬೀದಿಯ ಮುದುಕಿಯರು ಬಟ್ಟೆಗಂಟು ಕಟ್ಟಿಕೊಂಡು ಆಗಲೇ ಜೀಪು ಹತ್ತಿ ಕೂತಿದ್ದರು. ಅಪ್ಪ ಹೊಲದಿಂದ ಓಡಿಬಂದ. ಮನೆಯೊಳಗೆ ಬಂದು ಅವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತ. ನಿನಗೆ ಕಣ್ಣು ಕಾಣುವುದಿಲ್ಲ, ಬಾ ಅನ್ನುವ ಮಾತು ಅವನ ಬಾಯಿಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಆ ಮಾತೇ ಇರಲಿಲ್ಲವಲ್ಲ. ಸುತ್ತಿ ಬಳಸಿ ಒಂದು ಸುಳ್ಳು ಹೆಣೆದ. "ಅವ್ವಾ, ನನ್ ಕಣ್ಣು ಯಾಕೋ ಮಬ್ಬಾಗೈತೆ. ತೋರ್ಸ್ಕೊಂಡು ಬತ್ತೀನಿ. ನೀನೂ ಜತೇಗ್ ಬಾ, ಒಂದ್ಸಲ ನೋಡ್ಸಾನ."

"ನಂಗೇನಾಗೈತ್ಲಾ? ನೀನ್ ಹೋಗಿ ಬಾ," ಅಂದಳು ಅಜ್ಜಿ. "ನಾನಿನ್ನೂ ಸೂಜೀಗೆ ದಾರ ಪೋಣಿಸ್ತೀನಿ."

"ಹಂಗಾರೆ ಪೋಣ್ಸು, ನೋಡಾನ," ಅಂದುಬಿಟ್ಟ ಅಪ್ಪ. ಅವನಿಗೆ ಗೂಡಿನಲ್ಲಿದ್ದ ಸೂಜಿಯ ವಿಷಯ ಗೊತ್ತಿರಲಿಲ್ಲ. ಅಜ್ಜಿ ಎದ್ದಳು. ಗೂಡಿಗೆ ಕೈಹಾಕಿ ಸೂಜಿ ತೆಗೆದುಕೊಂಡಳು. ದಾರ ಅದರಲ್ಲಿ ಆಗಲೇ ಇತ್ತು. ಬೆಳಗ್ಗೆ ತಾನೇ ಅಮ್ಮ ಪೋಣಿಸಿಟ್ಟಿದ್ದನ್ನು ನಾನು ನೋಡಿದ್ದೆ. ಅಜ್ಜಿ ಬಾಗಿಲಿನ ಬೆಳಕಿನ ಕಡೆ ತಿರುಗಿ, ಅಪ್ಪನಿಗೆ ಬೆನ್ನು ಮಾಡಿ, ಬೆರಳನ್ನು ಬಾಯಿಗೆ ಇಟ್ಟುಕೊಂಡಳು, ಒಂದು ಕಣ್ಣು ಮುಚ್ಚಿದಳು, ಸೂಜಿ ಎತ್ತಿ ಹಿಡಿದಳು. ದಾರ ಪೋಣಿಸುವವರು ಏನೇನು ಮಾಡುತ್ತಾರೋ ಅದನ್ನೆಲ್ಲ ಬಿಡದೆ ಮಾಡಿದಳು. ಆಮೇಲೆ ನಮ್ಮ ಕಡೆ ತಿರುಗಿ, ದಾರ ಜೋತಾಡುವ ಸೂಜಿಯನ್ನು ಮೇಲಕ್ಕೆತ್ತಿ, "ನೋಡ್ಲಾ," ಅಂದಳು.

ಅಪ್ಪ ಸೂಜಿ ನೋಡಿದ, ಅಮ್ಮನನ್ನು ನೋಡಿದ. ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದಳು. "ನೀನೇನಂತೀಯೆ?" ಅಂತ ಅಪ್ಪ ಕೇಳಿದ. ಆ ದನಿಯಲ್ಲಿ ಬೇಡಿಕೊಳ್ಳುವ ಹಾಗಿತ್ತು. ಹೊರಗೆ ಜೀಪು ಸ್ಟಾರ್ಟ್ ಆಗಿ ಗುರುಗುಟ್ಟುತ್ತಿತ್ತು. ಅಜ್ಜಿಯ ಕೈ ಮೇಲಕ್ಕೆತ್ತಿದ ಹಾಗೆಯೇ ಇತ್ತು. ತೋರಿಸಿಯಾಯಿತು, ಅಪ್ಪ ನೋಡಿಯೂ ಆಯಿತು, ಇಳಿಸಬಹುದಿತ್ತು. ಇಳಿಸಲಿಲ್ಲ. ಅಮ್ಮ ಆ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ, "ಅತ್ತಮ್ಮಂಗೇನಾಗೈತೆ? ನನಗಿಂತ ಚೆನ್ನಾಗಿ ಕಾಣ್ತದೆ," ಅಂದಳು. ಅಜ್ಜಿಯ ಕೈ ಕೆಳಗೆ ಬಂತು. ಜೀಪು ಹೊರಟುಹೋಯಿತು. ಅಪ್ಪ ಟವೆಲು ಕೊಡವಿಕೊಂಡು, ತನ್ನ ಕಣ್ಣಿಗೂ ಏನೂ ಆಗಿಲ್ಲವೆಂಬಂತೆ ಹೊಲಕ್ಕೆ ನಡೆದ.

ಜೀಪು ಹತ್ತಿದ ಮುದುಕಿಯರು ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ವಾಪಸ್ಸು ಬಂದರು. ಕೆಲವು ದಿನಗಳಲ್ಲಿ ಬಟ್ಟೆ ಹೋಗಿ ದಪ್ಪ ಗಾಜಿನ ಕನ್ನಡಕ ಬಂತು. ನಮ್ಮ ಜಗುಲಿಗೆ ಬಂದು ಕೂತು, ಹೆಂಚಿನ ಮೇಲಿನ ಗುಬ್ಬಿ ಕಾಣುತ್ತದೆ, ಬಸ್ಸಿನ ಹಣೆಬರಹ ಕಾಣುತ್ತದೆ, ಮೊಮ್ಮಗಳ ಮೂಗುಬೊಟ್ಟು ಕಾಣುತ್ತದೆ ಅಂತ ಹೇಳಿದ್ದೇ ಹೇಳಿದ್ದು. ಅಜ್ಜಿ ಎಲ್ಲಕ್ಕೂ ತಲೆಯಾಡಿಸಿ, "ನಂಗೂ ಕಾಣ್ತದಲ್ಲ," ಅನ್ನುತ್ತಿದ್ದಳು. ಅಮ್ಮ ಆ ಹೊತ್ತಿಗೆ ಸರಿಯಾಗಿ ಎದ್ದು ಒಳಗೆ ಹೋಗುತ್ತಿದ್ದಳು. ಒಳಗೆ ಏನೂ ಕೆಲಸವಿರುತ್ತಿರಲಿಲ್ಲ, ಪಾತ್ರೆಯ ಸದ್ದೂ ಕೇಳುತ್ತಿರಲಿಲ್ಲ.

ಅದಾಗಿ ಕೆಲವು ವರ್ಷಗಳಿಗೆ, ನಾನು ಹೊಸೂರಿನಲ್ಲಿ ಓದುತ್ತಿದ್ದಾಗ, ಅಜ್ಜಿಗೆ ಕಣ್ಣುನೋವು ಬಂತು. ತಲೆ ಒಡೆದುಹೋಗುವಂಥ ನೋವು. ಅದನ್ನು ಯಾವ ಸುಳ್ಳಿನಲ್ಲೂ ಮುಚ್ಚಿಡಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚು ಹಾಕಿ ನೋಡಿ, ಪೊರೆ ಹಣ್ಣಾಗಿ ಒಳಗೇ ಒಡೆದಿದೆ, ನರ ಸತ್ತುಹೋಗಿದೆ, ಇನ್ನು ಏನು ಮಾಡಿದರೂ ಬೆಳಕು ಬರುವುದಿಲ್ಲ ಅಂದರು. ಮುಂಚೆಯೇ ಕರೆದುಕೊಂಡು ಬಂದಿದ್ದರೆ ಸಣ್ಣ ಕೆಲಸವಾಗಿತ್ತು, ಇಷ್ಟು ದಿನ ಮನೆಯಲ್ಲಿ ಯಾರೂ ನೋಡಲಿಲ್ಲವಾ ಅಂತ ಕೇಳಿದರು. ಅಮ್ಮ, ಅಪ್ಪ, ಚಿಕ್ಕಪ್ಪ ಮೂವರೂ ಸಾಲಾಗಿ ನಿಂತಿದ್ದರು. ಮೂವರೂ ನೆಲ ನೋಡಿದರು.

ಆಸ್ಪತ್ರೆಯಿಂದ ಬಂದ ಮೇಲೆ ಆಟ ಮುಗಿದಿತ್ತು. ಆದರೂ ಯಾರೂ ಅಜ್ಜಿಯನ್ನು ಮೂಲೆಗೆ ಕೂರಿಸಲಿಲ್ಲ. ಮುದ್ದೆಯ ಕೋಲು ಅವಳ ಕೈಯಲ್ಲೇ ಇತ್ತು, ಕೈ ಸೋಲುವವರೆಗೂ. ಅವಳು ಯಾವುದಕ್ಕೆ ಹೆದರಿ ಕತ್ತಲನ್ನು ಒಪ್ಪಿಕೊಂಡಳೋ ಅದು ನಮ್ಮ ಮನೆಯಲ್ಲಿ ಆಗುವಂಥದ್ದೇ ಆಗಿರಲಿಲ್ಲ. ಇದನ್ನು ನೆನೆದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು.

ಅವಳು ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ನಾನು ಊರಲ್ಲಿದ್ದೆ. ಬಾಗಿಲಿನಿಂದ ಎಳೆಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ಮನೆಯೆಲ್ಲ ಸೊಗಡು. ಅಜ್ಜಿ ಇದ್ದಕ್ಕಿದ್ದ ಹಾಗೆ ನಕ್ಕಳು. "ಅವತ್ತು ಬೂಟು ಹಾಕ್ಕೊಂಡು ಬಂದು ತಮಿಳ್ ಮಾತಾಡ್ನಲ್ಲ, ಅವನು ನನ್ ಮಗ್ನೇ ಅಂತ ಎರಡ್ನೇ ಮಾತ್ಗೇ ಗೊತ್ತಾಯ್ತು ಕಣವ್ವ. ಪಾಪ, ಅಷ್ಟು ಕಷ್ಟಬಿದ್ದು ಸುಳ್ಳೇಳ್ತಾ ಇದ್ದ. ಹೆಂಗ್ ಬುಡ್ಸಾದು?" ಅಂದಳು. ಅಮ್ಮನೂ ನಕ್ಕಳು. ಆಮೇಲೆ ಅಜ್ಜಿ, ಯಾವ ದೂರೂ ಇಲ್ಲದ ದನಿಯಲ್ಲಿ, "ಸೂಜೀ ದಿನ ಮಾತ್ರ ನೀನ್ ಹೇಳ್ಬುಡ್ತೀಯ ಅಂತ ಕಾದೆ," ಅಂದಳು. "ಕೈ ಎತ್ಕೊಂಡೇ ಇದ್ದೆ. ನಂಗೆ ಬಾಯ್ ಬರ್ನಿಲ್ಲ. ದಾರ ನಾನಾಕಿದ್ದು ಅಂತ ನೀನೊಂದ್ ಮಾತು ಅಂದಿದ್ರೆ ಹೋಗಿ ಜೀಪ್ ಹತ್ತಾನ ಅಂತಿದ್ದೆ."

ಅಮ್ಮನ ಕೈಯಲ್ಲಿದ್ದ ಕಾಯಿ ಮೊರಕ್ಕೆ ಬಿತ್ತು. ಅದನ್ನು ಮತ್ತೆ ಎತ್ತಿಕೊಳ್ಳದೆ, "ನಿಮ್ಮ ಮರ್ಯಾದೆ ಹೋಗ್ತದೆ ಅಂತ ಅತ್ತಮ್ಮ," ಅಂದಳು. "ಗೊತ್ತು ಬುಡು," ಅಂದಳು ಅಜ್ಜಿ. ಅಮ್ಮನ ಕೈ ಹುಡುಕಿ ಹಿಡಿದುಕೊಂಡು ಗೋಡೆಯ ಕಡೆ ಹೊರಳಿದಳು. ಆ ಸಂಕ್ರಾಂತಿಯನ್ನು ಅವಳು ದಾಟಲಿಲ್ಲ.

ಅಜ್ಜಿ ಹೋದ ಮೇಲೂ ನಮ್ಮ ಮನೆಯಲ್ಲಿ ಯಾವುದೂ ಜಾಗ ಬಿಟ್ಟು ಕದಲಲಿಲ್ಲ. ಉಪ್ಪಿನ ಮಡಕೆ ಒಲೆಯ ಎಡಕ್ಕೇ ಇತ್ತು. ಚಿಕ್ಕಪ್ಪ ಜಗುಲಿ ಹತ್ತುವಾಗ ಕೆಮ್ಮುತ್ತಲೇ ಇದ್ದ, ಬೂಟನ್ನು ಹುಣಸೆಮರದ ಕೆಳಗೇ ಬಿಚ್ಚುತ್ತಿದ್ದ. ಸಂಜೆ ಹೊತ್ತು ನಡುಮನೆ ದಾಟುವಾಗ ನಾವೆಲ್ಲ ಕಂಬದ ಬುಡ ಬಿಟ್ಟು ಸ್ವಲ್ಪ ದೂರದಿಂದಲೇ ಹೋಗುತ್ತಿದ್ದೆವು, ಅಲ್ಲಿ ಚಾಚಿದ ಕಾಲಿರುತ್ತದೆ ಅನ್ನುವಂತೆ. ಆಮೇಲೆ ಅಣ್ಣತಮ್ಮಂದಿರು ಪಾಲಾದರು, ನೆಲ ಸೈಟುಗಳಾಯಿತು, ಹೆಂಚು ಇಳಿಯಿತು, ಗೂಡಿದ್ದ ಗೋಡೆಯೂ ಬಿತ್ತು. ಹಳೇ ಮನೆ ಏನಾಯಿತು ಅಂತ ಯಾರಾದರೂ ಕೇಳಿದರೆ ಅಮ್ಮ "ತುಂಬಿದೆ" ಅನ್ನುತ್ತಿದ್ದಳು. ಕೇಳಿದವರು ಯಾರೋ ಬಾಡಿಗೆಗೆ ಇದ್ದಾರೆ ಅಂದುಕೊಳ್ಳುತ್ತಿದ್ದರು.

ಅಮ್ಮನಿಗೂ ವಯಸ್ಸಾಗಿ ಕಣ್ಣಿಗೆ ಪೊರೆ ಬಂತು. ಒಂದು ಬೆಳಗ್ಗೆ ಹೊಸೂರಿನ ನಮ್ಮ ಮನೆಯ ಹಾಲಿನಲ್ಲಿ, ಒಂದು ಕೈಯಲ್ಲಿ ಸೂಜಿ ಇನ್ನೊಂದು ಕೈಯಲ್ಲಿ ದಾರ ಹಿಡಿದುಕೊಂಡು ನಿಂತು, "ಅತ್ತಮ್ಮಾ, ನಂಗೆ ಕಣ್ಣು ಕಾಣಾಕಿಲ್ಲ," ಅಂತ ಜೋರಾಗಿ ಹೇಳಿದಳು. ನಾನು ಒಳಗಿನಿಂದ ಓಡಿಬಂದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಅವಳೆದುರಿಗೆ ಬರೀ ಗೋಡೆ ಇತ್ತು. ಅದೇ ವಾರ ಆಪರೇಷನ್ ಆಯಿತು. ಕಪ್ಪು ಕನ್ನಡಕ ತೆಗೆದ ದಿನ ತಾನೇ ಸೂಜಿಗೆ ದಾರ ಪೋಣಿಸಿದಳು, ಮತ್ತೆ ಅದನ್ನು ಎಳೆದುಹಾಕಿ, ಬರೀ ಸೂಜಿಯನ್ನು ಡಬ್ಬಿಗೆ ಹಾಕಿದಳು.

ಈಗ ಅಮ್ಮನೂ ಇಲ್ಲ. ನನ್ನ ಕಣ್ಣಿಗೂ ಹತ್ತಿರದ್ದು ಮಬ್ಬಾಗಿದೆ. ಗುಂಡಿ ಹಾಕುವುದಿದ್ದರೆ ಮಗಳನ್ನು ಕರೆದು, ನನಗೆ ಕಾಣುವುದಿಲ್ಲ, ಪೋಣಿಸಿಕೊಡು ಅಂತ ಬಾಯಿಬಿಟ್ಟೇ ಕೇಳುತ್ತೇನೆ. ಇಷ್ಟು ಸಣ್ಣ ಮಾತಿಗೆ ಅಷ್ಟು ಜೋರಾಗಿ ಯಾಕೆ ಕೂಗುತ್ತೀಯಮ್ಮಾ ಅಂತ ಅವಳು ನಗುತ್ತಾಳೆ. ಅವಳು ದಾರ ಪೋಣಿಸುತ್ತಿರುವಾಗ ನಾನು ಬಾಗಿಲಿನ ಬೆಳಕಿನ ಕಡೆ ನೋಡುತ್ತ ಕೂರುತ್ತೇನೆ. ಮೇಲಕ್ಕೆತ್ತಿದ ಅಜ್ಜಿಯ ಆ ಕೈ ಅಲ್ಲಿ ಇನ್ನೂ ಇಳಿದಿರುವುದಿಲ್ಲ.